ಕೆಂಡ ಕೂಟಕ್ಕೆ ಬಂದದ್ದು

ನಮ್ಮ ರಾಜಕೀಯ ಬ್ಲಾಗಿಗರ ಬಳಗದಲ್ಲಿ ಅವರ ಹೆಸರು 'ಕೆಂಡ'. ಗಡಿಯಾರ ರಿಪೇರಿ ಕಸುಬು. ಬೆಳಿಗ್ಗೆ ಬ್ಲಾಗಿನಲ್ಲಿ ಒಬ್ಬ ಮಂತ್ರಿಯ ಬೆವರಿಳಿಸದೆ ಅಂಗಡಿ ಬಾಗಿಲು ತೆಗೆಯುತ್ತಿರಲಿಲ್ಲ. ಯಾರು ಏನೇ ಬರೆಯಲಿ, ಕೆಳಗೆ "ಅಂಕಿಅಂಶ ಎಲ್ಲಿ ಸ್ವಾಮಿ?" ಎಂದು ಕೆಣಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಆರು ವರ್ಷ ಕರೆದ ಮೇಲೆ ಒಂದು ಭಾನುವಾರ ನಮ್ಮ ಕೂಟಕ್ಕೆ ಬಂದರು. ನಾವು ಗಂಟಲು ಹರಿದುಕೊಂಡು ವಾದಿಸುತ್ತಿದ್ದರೆ ಮೂಲೆಯಲ್ಲಿ ಸುಮ್ಮನೆ ನಗುತ್ತ ಕೂತರು. "ಬರೆಯೋಕೆ ಹುಲಿ, ಎದುರಿಗೆ ಇಲಿ" ಎಂದು ಒಬ್ಬರು ಛೇಡಿಸಿದಾಗಲೂ ಅದೇ ನಗು. ಬ್ಲಾಗಿನಲ್ಲಿ ಅವರ ಬದ್ಧ ವಿರೋಧಿಯಾದ ಟೀಚರಮ್ಮ ಒಬ್ಬರು ಬಂದು ಅವರೆದುರಿಗೆ ಕೂತು, "ಅಣ್ಣಾ, ಕಿವಿ ಕೇಳ್ಸಲ್ವಾ?" ಎಂದರು. ಆಕೆಯ ತುಟಿಯ ಚಲನೆ ನೋಡಿ ಕೆಂಡ ಎಂದರು: "ಹತ್ತು ವರ್ಷ ಆಯ್ತಮ್ಮಾ. ಬರವಣಿಗೇಲಿ ಯಾರಿಗೂ ಗೊತ್ತಾಗಲ್ಲ ನೋಡಿ." ಆಕೆ ಚೀಟಿಯಲ್ಲಿ 'ನಿಮ್ಮ ಮೊನ್ನೆಯ ಲೇಖನ ಶುದ್ಧ ತಪ್ಪು' ಎಂದು ಬರೆದು ಕೊಟ್ಟರು. ಓದಿದ್ದೇ ತಡ, ಕೆಂಡ ಕುರ್ಚಿ ಎಳೆದುಕೊಂಡು ಇಡೀ ಕೋಣೆ ಬೆಚ್ಚುವಂತೆ ಗುಡುಗಿದರು: "ಎಲ್ಲಿ ತಪ್ಪು, ತೋರ್ಸಿ!"