ಅವ್ವನ ಚಾಲೂ, ಹೈದರಾಬಾದಿನ ಚಾಲು

ಅವ್ವ ಟೀವಿಯಲ್ಲಿ ಬರುವವಳಿದ್ದಳು. ಕನ್ನಡ ಸಂಘದ ಸಮಾರಂಭದಲ್ಲಿ ಅವಳು ಹಾಡಿದ ಬೀಸುವ ಪದವನ್ನು ಒಂದು ಚಾನೆಲ್ಲಿನವರು ಚಿತ್ರೀಕರಿಸಿಕೊಂಡು ಹೋಗಿದ್ದರು. ಭಾನುವಾರ ಬೆಳಿಗ್ಗೆ ತೋರಿಸುತ್ತೇವೆ, ಅದೂ ಒಂದೇ ಸಲ, ಎಂದಿದ್ದರು. ವಿಜಯಪುರದ ಕಡೆಯ ಹಳ್ಳಿಯಿಂದ ಹೈದರಾಬಾದಿನ ಸನತ್‌ನಗರದ ನಮ್ಮ ಮನೆಗೆ ಬಂದು ಅವ್ವನಿಗೆ ಎರಡೇ ತಿಂಗಳಾಗಿತ್ತು. ಹುಡುಗಿಯಾಗಿದ್ದಾಗಿನಿಂದ ಹಾಡಿದವಳು, ತಾನು ಹಾಡುವುದನ್ನು ಮಾತ್ರ ಎಂದೂ ನೋಡಿರಲಿಲ್ಲ. ಮನೆಯಲ್ಲಿ ಯಾರಾದರೂ ಮೊಬೈಲ್ ಹಿಡಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ಹಾಡುವಾಗ ನನ್ನ ಮಾರಿ ಹೆಂಗ ಕಾಣತೈತಿ, ಒಮ್ಮೆ ನೋಡಬೇಕಪಾ" ಎಂದು ವಾರವಿಡೀ ಹೇಳಿದಳು.

ನೋಡುವುದೇನು, ರೆಕಾರ್ಡ್ ಮಾಡಿಯೇ ಕೊಡುತ್ತೇನೆ ಎಂದೆ. ನಮ್ಮ ಮದುವೆಯ ಕ್ಯಾಸೆಟ್ ನೋಡಲೆಂದು ಕೊಂಡಿದ್ದ ವಿಸಿಆರ್ ಅಟ್ಟದ ಮೇಲೆ ಕೂತಿತ್ತು. ಹೆಂಡತಿ, "ಟೀವಿ ಮುಂದ ಮೊಬೈಲ್ ಹಿಡದ್ರ ಮುಗೀತಲ್ಲರೀ" ಎಂದಳು. ಬಾಲಾನಗರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಯಂತ್ರಗಳ ಹೊಟ್ಟೆ ಬಗೆದವನಿಗೆ ಹೇಳುವ ಮಾತೇ ಅದು? ನನಗೆ ಸಿಟ್ಟು ನೆತ್ತಿಗೇರಿತು. ಹಟ ಹಿಡಿದು ಶನಿವಾರವೇ ಕೇಬಲ್ ಬಾಕ್ಸಿನಿಂದ ವಿಸಿಆರ್‌ಗೆ, ವಿಸಿಆರ್‌ನಿಂದ ಟೀವಿಗೆ ವಯರು ಎಳೆದೆ. ಹಳದಿ ವಯರು ಚಿತ್ರಕ್ಕೆ, ಬಿಳಿಯದು ದನಿಗೆ. ಹಳದಿಯ ಪಿನ್ನು ಸಡಿಲವಾಗಿದ್ದರಿಂದ ಅದನ್ನು ಬೆರಳಿನಿಂದ ಒತ್ತಿ ಹಿಡಿದೇ ಕೂರಬೇಕಿತ್ತು. ಅದನ್ನು ನಾನು ಹೆಂಡತಿಗೆ ಹೇಳಲಿಲ್ಲ.

ಭಾನುವಾರ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಚಿತ್ರ ಚೂರುಚೂರಾಗತೊಡಗಿತು. ಕೇಬಲ್‌ನವನನ್ನು ಕರೆಸಿದೆ. ಆತ ತೆಲುಗಿನವನು. ಲೈನಿನಲ್ಲಿ ಸಿಗ್ನಲ್ ಕಡಿಮೆಯಾಗಿದೆ ಎಂದು ಮಾಳಿಗೆ ಹತ್ತಿ ಅಲ್ಲಿದ್ದ ಪೆಟ್ಟಿಗೆಯ ತಿರುಪು ತಿರುಗಿಸಹತ್ತಿದ. ಚಿತ್ರ ಹೇಗಿದೆ ಎಂದು ಆತನಿಗೆ ಕೂಗಿ ಹೇಳಲು ಒಬ್ಬರು ಬೇಕು. ನಾನು ಪಿನ್ನು ಬಿಡುವಂತಿಲ್ಲ. ಹೆಂಡತಿಯ ಕೈ ರೊಟ್ಟಿ ಹಿಟ್ಟಿನಲ್ಲಿ.

"ನಾ ಹೇಳ್ತೀನಿ ಬಿಡು, ನನ್ನ ದನಿ ದೊಡ್ಡದೈತಿ" ಎಂದು ಅವ್ವ ಬಾಲ್ಕನಿಗೆ ಹೋಗಿ ನಿಂತಳು.

ಮೇಲಿಂದ ಕೇಬಲ್‌ನವನು ಕೇಳಿದ: "ಚಾಲಾ ಅಮ್ಮಾ?"

ಚಾಲೂ ಮಾಡಲೇ ಎಂದು ಕೇಳುತ್ತಿದ್ದಾನೆ ಎಂದುಕೊಂಡ ಅವ್ವ, "ಹೂಂನಪಾ, ಚಾಲೂ! ಚಾಲೂ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಆತ ಕೈ ಒರೆಸಿಕೊಂಡು ಕೆಳಗಿಳಿದು ಬಂದ. ಟೀವಿಯಲ್ಲಿ ನಿರೂಪಕಿಯ ಮೂಗು ಒಂದು ಕಡೆ, ಬಾಯಿ ಒಂದು ಕಡೆ ಇದ್ದವು.

"ಇದೇನು, ಅರ್ಧಕ್ಕೇ ಬಿಟ್ಟು ಬಂದೆ?" ಎಂದು ತೆಲುಗಿನಲ್ಲಿ ಅವನ ಮೇಲೆ ಹರಿಹಾಯ್ದೆ.

"ಅಮ್ಮೇ ಚಾಲು ಅನ್ನಾರು ಗದಾ ಸಾರ್!" ಎಂದು ಆತನೂ ದನಿ ಏರಿಸಿದ.

ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅತ್ಯಾರ, ತೆಲುಗಿನಾಗ ಚಾಲು ಅಂದ್ರ ಸಾಕು ಅಂತ. ನೀವು ಸಾಕು ಸಾಕು ಅಂದ್ರಿ, ಅಂವ ಇಳದು ಬಂದ."

"ಅಯ್ಯ, ಇದೆಂಥಾ ಊರವಾ! ಶುರು ಮಾಡಂದ್ರ ಬಂದ್ ಮಾಡ್ತಾರ!" ಎಂದು ಅವ್ವ ಗಲ್ಲಕ್ಕೆ ಕೈ ಹಚ್ಚಿದಳು.

ಆತ ಗೊಣಗುತ್ತ ಮತ್ತೆ ಮಾಳಿಗೆ ಹತ್ತಿದ. ಕಾರ್ಯಕ್ರಮ ಶುರುವಾಗಿಯೇ ಬಿಟ್ಟಿತ್ತು. ಅವ್ವನ ಹೆಸರು ಕರೆಯುವ ಹೊತ್ತಿಗೆ ಸರಿಯಾಗಿ ಚಿತ್ರ ನಿಚ್ಚಳವಾಯಿತು. "ಬಂತು!" ಎಂದೆ. ಅವ್ವ ಬಾಲ್ಕನಿಗೆ ಓಡಿ, ಹೊಸದಾಗಿ ಕಲಿತ ತೆಲುಗನ್ನು ಮುಗಿಲಿಗೆ ಮುಟ್ಟಿಸಿದಳು: "ಚಾಲು!" ಮೇಲೆ ಆತ ನಿಲ್ಲಿಸಿದ. ಕೆಳಗೆ ನಾನು ರೆಕಾರ್ಡ್ ಗುಂಡಿ ಒತ್ತಿದೆ. ಒಂದೇ ಕೂಗಿಗೆ ಎರಡೂ ಕೆಲಸ ಆದವು.

ಅವ್ವ ಅಲ್ಲಿಗೇ ಬಿಡಬೇಕಲ್ಲ! ಕೇಬಲ್‌ನವನಿಗೆ ಚಹಾ ಕುಡಿದು ಹೋಗು ಎಂದು ಕನ್ನಡದಲ್ಲಿ ತಿಳಿಸಿ ಹೇಳುತ್ತ ನಿಂತಳು. ನಾನು ಕರೆದೇ ಕರೆದೆ. ಕೊನೆಗೆ, "ಯಾರೋ ಚಲೋ ಹಾಡಾಕತ್ತಾರಲ್ಲ" ಎನ್ನುತ್ತ ಒಳಗೆ ಬರುವಷ್ಟರಲ್ಲಿ ಅವಳ ಹಾಡು ಮುಗಿದು ತೆರೆಯ ಮೇಲೆ ಬೇರೆ ಹೆಣ್ಣುಮಗಳಿದ್ದಳು.

"ಹಾಡಿದಾಕಿ ನೀನs ಅಲ್ಲೇನಬೇ!" ಎಂದೆ. ಅವ್ವನ ಮುಖ ಇಳಿಯಿತು.

"ಇರಲಿ, ಕ್ಯಾಸೆಟ್ ಐತಲ್ಲ" ಎಂದು ಬೀಗುತ್ತ ಕೇಬಲ್ ಬಾಕ್ಸ್ ಆರಿಸಿ, ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಹಾಕಿದೆ. ಅವ್ವ ತೆರೆಯ ಮೇಲೆ ಬಂದಳು, ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ದನಿ ಇಲ್ಲ. ಟೀವಿಯ ಕಿವಿ ಹಿಂಡಿದೆ, ನೆತ್ತಿಗೆ ಬಡಿದೆ. ಆಮೇಲೆ ಬಗ್ಗಿ ನೋಡಿದರೆ ಬಿಳಿ ವಯರನ್ನು ವಿಸಿಆರ್‌ಗೆ ಹಾಕದೆ ಬಾಕ್ಸಿನಿಂದ ನೇರ ಟೀವಿಗೇ ಸಿಕ್ಕಿಸಿದ್ದೆ. ಟೀವಿಯಲ್ಲಿ ದನಿ ಬಂದಿತ್ತು, ಕ್ಯಾಸೆಟ್ಟಿಗೆ ಹೋಗಿರಲಿಲ್ಲ. ಹೆಂಡತಿ ರೊಟ್ಟಿ ಬಡಿಯಲು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

ಅವ್ವ ಟೀವಿಯ ಹತ್ತಿರ ಸರಿದು ಕೂತಳು. ನನ್ನ ಕಡೆ ನೋಡಲೂ ಇಲ್ಲ. ಸ್ವಲ್ಪ ಹೊತ್ತು ತನ್ನ ಮುಖವನ್ನೇ ದಿಟ್ಟಿಸಿ, ಮೆಲ್ಲಗೆ ಪದ ಎತ್ತಿಕೊಂಡಳು. ತೆರೆಯ ಮೇಲಿನ ಬಾಯಿ ಮುಂದೆ, ಇವಳ ದನಿ ಹಿಂದೆ.

"ಭಾಳ ಅವಸರ ಮಾಡ್ತಾಳ ಈಕಿ" ಎಂದಳು. "ಹೊಳ್ಳಿ ಹಾಕಪಾ, ಕೂಡಿ ಹಾಡ್ತೀನಿ."

ಮೂರನೆಯ ಸಲಕ್ಕೆ ದನಿ, ಬಾಯಿ ಕೂಡಿದವು. ಈ ಸಲ ಅವ್ವ ಹಾಡುವಾಗ ಕಣ್ಣು ಮುಚ್ಚಲಿಲ್ಲ.