ಅಳಿಯ ಬಿಗಿದ ಬ್ರೇಕ್ ಬೋಲ್ಟು

ಟ್ರಕ್ಕು ಎತ್ತಿದ್ದ ಜ್ಯಾಕ್ ಜಾರಲಿಲ್ಲ. ನನ್ನ ಅಳಿಯ ಕಬ್ಬಿಣದ ಪಾನಾ ಬೀಸಿ ತನ್ನ ಒಡಹುಟ್ಟಿದ ಅಣ್ಣನ ಕೈ ಮುರಿದ. ನಡೆದದ್ದು ಅಷ್ಟೇ. ಮನೆಯವರು ಆಸ್ಪತ್ರೆಯವರಿಗೆ ಜ್ಯಾಕ್ ಜಾರಿತು ಎಂದು ಹೇಳಿದರು. ಆಮೇಲೆ ಪೂಜೆಯಲ್ಲಿ, ಊಟದ ಮನೆಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದರು. ಹೇಳಿ ಹೇಳಿ ಈಗ ಅಣ್ಣತಮ್ಮಂದಿರಿಬ್ಬರೂ ಅದನ್ನೇ ನಂಬಿದ್ದಾರೆ. ಎಲುಬು ಮುರಿದ ಸದ್ದು ಕೇಳಿದವಳು ನಾನು. ಹಸಿ ಕಬ್ಬು ಮುರಿದ ಹಾಗಿತ್ತು.

ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಹೆದರಿ ಅಮೆರಿಕದವರು ನಮ್ಮವರನ್ನು ಸಾಲುಗಟ್ಟಿ ಕರೆಸಿಕೊಳ್ಳುತ್ತಿದ್ದ ಕಾಲ ಅದು. ಅಳಿಯ, ಮಗಳು ಇಬ್ಬರಿಗೂ ಅದೇ ಕೆಲಸ. ಮೊಮ್ಮಗಳನ್ನು ನೋಡಿಕೊಳ್ಳಲು ನಾನು ನ್ಯೂಜೆರ್ಸಿಗೆ ಹೋಗಿದ್ದೆ. ಅಳಿಯ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗುತ್ತಿದ್ದ, ಮಗಳು ಗಾಡಿ ಓಡಿಸಿಕೊಂಡು ಪ್ರಿನ್ಸ್‌ಟನ್ನಿಗೆ. ಎಲ್ಲರೂ ಸಣ್ಣ ಕಾರು ಕೊಂಡರೆ ಅಳಿಯ ಹಳೆಯ ಪಿಕಪ್ ಟ್ರಕ್ಕು ಕೊಂಡಿದ್ದ. ಮನೆಗೆ ಅದೊಂದೇ ಗಾಡಿ. ಬ್ರೇಕು ತುಳಿದರೆ ಅದು ಕೊಯ್ಯುವ ಹಂದಿಯ ಹಾಗೆ ಅರಚುತ್ತಿತ್ತು. ಪ್ಯಾಡು ಸವೆದಿದೆ, ಗ್ಯಾರೇಜಿನವರು ಸುಲಿಯುತ್ತಾರೆ, ನಾನೇ ಹೊಸದು ಹಾಕುತ್ತೇನೆ ಎಂದು ಅಳಿಯ ಹಟ ಹಿಡಿದ.

ಹಾಕುವುದು ಕಷ್ಟವಲ್ಲವಂತೆ, ಬಿಗಿಯುವುದು ಕಷ್ಟ. ಪ್ರತಿ ಬೋಲ್ಟಿಗೂ ಇಷ್ಟೇ ಬಲ ಎಂದು ಒಂದು ಅಳತೆ ಇರುತ್ತದೆ, ಅದಕ್ಕೆ ಟಾರ್ಕ್ ಎನ್ನುತ್ತಾರೆ. ಕಡಿಮೆಯಾದರೆ ಗಾಡಿ ಓಡುವಾಗ ಬಿಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬೋಲ್ಟೇ ಮುರಿಯುತ್ತದೆ. ಅದಕ್ಕೆಂದೇ ಅಳಿಯ ಉದ್ದನೆಯ ಪಾನಾ ತಂದಿದ್ದ. ಅದರ ಹಿಡಿ ತಿರುಗಿಸಿ ಒಂದು ನಂಬರಿಗೆ ಇಟ್ಟರೆ, ಅಷ್ಟು ಬಲ ಬಿದ್ದೊಡನೆ ಅದು ಟಕ್ ಎನ್ನುತ್ತದೆ. ಆದರೆ ಎಷ್ಟಕ್ಕೆ ಟಕ್ ಅನ್ನಿಸಬೇಕು? ಅದೇ ಯಾರಿಗೂ ಗೊತ್ತಿಲ್ಲ. ಶನಿವಾರ ಮಗಳು ಹೇಳಿದಳು.

“ರೀ, ಡೀಲರ್‌ಗೆ ಒಂದ್ ಫೋನ್ ಹಚ್ರಿ. ಯಾವ ಗಾಡಿ ಅಂತ ಹೇಳಿದ್ರ ಅವ್ರ ಹೇಳ್ತಾರ.”

“ಹಚ್ಚಿದ್ರ ‘ವಾಟ್? ವಾಟ್?’ ಅಂತಾರ. ಹೋದ್ ಸಲ ನನ್ನ ಮಾತ ಕೇಳಿ ಪಕ್ಕದಾಂವನ್ನ ಕರದು ನಕ್ಕಾರ. ಇಂಟರ್‌ನೆಟ್‌ನ್ಯಾಗ ಎಲ್ಲಾ ಐತಿ.”

“ನಾ ಹಚ್ತೀನಿ ಬಿಡ್ರಿ.”

“ಯಾಕ, ನಿಂದೇನು ರಾಣಿ ಇಂಗ್ಲಿಷೇನು?” ಎಂದವನೇ ಅವಳ ಕೈಯಿಂದ ಫೋನು ಕಿತ್ತು ಸೋಫಾದ ಮೇಲೆ ಒಗೆದ.

ಆಗ ಇಂಟರ್‌ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿತ್ತು. ಅವನು ಕಂಪ್ಯೂಟರ್ ಮುಂದೆ ಕೂತನೆಂದರೆ ಫೋನು ಸತ್ತ ಹಾಗೆ. ಸಂಜೆಯವರೆಗೂ ಕೂತ, ಡೀಲರ್ ಬಾಗಿಲು ಹಾಕಿದ. ಪುಟ ಮುದ್ರಿಸಿ ತಂದು ತೋರಿಸಿದ. ಅದರಲ್ಲಿ ಒಬ್ಬ ಇಪ್ಪತ್ತೈದು ಎಂದಿದ್ದ, ಇನ್ನೊಬ್ಬ ನೂರ ಮೂವತ್ತು. ಮತ್ತೊಬ್ಬ, ಕೈ ನೋಯುವವರೆಗೆ ಬಿಗಿದರೆ ಸಾಕು ಎಂದು ಬರೆದಿದ್ದ.

“ಯಾರ್ರೀ ಇವ್ರೆಲ್ಲಾ?” ಎಂದೆ.

“ಯಾರೋ ಅತ್ತೀ. ಅಲ್ಲಿ ಖರೇ ಹೆಸರ ಹಾಕೂದಿಲ್ಲ.”

“ಹೆಸರಿಲ್ಲದವರ ಮಾತ ಕೇಳಿ ನನ್ನ ಮಗಳ್ನ ರಸ್ತೆಕ್ಕ ಬಿಡ್ತೀರಿ?”

ಅವನು ಪುಟ ಮಡಚಿ ಜೇಬಿಗಿಟ್ಟುಕೊಂಡು ಗ್ಯಾರೇಜಿಗೆ ಹೋದ.

ಭಾನುವಾರ ಅವನ ಅಣ್ಣ ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನಿಂದ ಮಿಠಾಯಿ ಡಬ್ಬಿ ಹಿಡಿದು ಬಂದ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ ಇಲ್ಲಿ ಕಂಪ್ಯೂಟರ್ ಕುಟ್ಟುವವನು. ಟ್ರಕ್ಕು ಮನೆ ಮುಂದೆ ಜ್ಯಾಕಿನ ಮೇಲೆ ನಿಂತಿತ್ತು, ಮುಂದಿನ ಚಕ್ರ ಬಿಚ್ಚಿ ಹುಲ್ಲಿನ ಮೇಲೆ ಕೆಡವಿದ್ದರು. ನಾನು ಮೆಟ್ಟಿಲ ಮೇಲೆ ಮೆಂತ್ಯೆ ಸೋಸುತ್ತ ಕೂತಿದ್ದೆ.

“ಇಪ್ಪತ್ತೈದೇನಲೇ? ಅದು ಸೈಕಲ್ಲಿಗೆ. ಬ್ರೇಕಿನ ಬೋಲ್ಟ್ ಅಂದ್ರ ನೂರ ಮೂವತ್ತು. ಜಗ್ಗು,” ಎಂದ ಅಣ್ಣ.

“ಅಣ್ಣಾ, ಇದು ಸಣ್ಣ ಬೋಲ್ಟ್ ಐತಿ.”

“ಮೆಕ್ಯಾನಿಕಲ್ ಓದಿದಾಂವ ನೀನೋ ನಾನೋ?”

ಅವರ ಮನೆಯಲ್ಲಿ ಅಣ್ಣನ ಮಾತು ಮೀರಿದ್ದಿಲ್ಲ. ಅಳಿಯ ಪಾನಾವನ್ನು ನೂರ ಮೂವತ್ತಕ್ಕೆ ತಿರುಗಿಸಿ, ಬಂಪರಿಗೆ ಕಾಲು ಕೊಟ್ಟು ಜಗ್ಗಿದ. ಟಕ್ ಅನ್ನಲಿಲ್ಲ. ಇನ್ನೂ ಜಗ್ಗಿದ. ಫಟ್ಟೆಂದು ಬೋಲ್ಟಿನ ತಲೆ ಹಾರಿತು. ಅವನ ಮುಷ್ಟಿ ಹೋಗಿ ಕಬ್ಬಿಣಕ್ಕೆ ಉಜ್ಜಿ ಬೆರಳ ಗೆಣ್ಣುಗಳ ಚರ್ಮ ಸುಲಿದು ಬಂತು.

ಅಣ್ಣ ನಕ್ಕ. “ಕೋಣಕ್ಕ ಪಾನಾ ಕೊಟ್ರ ಹಿಂಗ ಆಗೂದು.”

“ನೀ ಹೇಳಿದ ನಂಬರಿಗೇ ಜಗ್ಗೀನಿ.”

“ನನ್ನ ಮ್ಯಾಲೆ ಹಾಕ್ತಿ?” ಎಂದು ಅಣ್ಣ ಕಪಾಳಕ್ಕೆ ಬಿಟ್ಟ. ಹೆಂಡತಿ, ಅತ್ತೆ, ಎದುರು ಮನೆಯ ಬಿಳಿಯರು ಎಲ್ಲರ ಮುಂದೆ, ಮಗುವಿನ ಅಪ್ಪನಾದವನ ಕಪಾಳಕ್ಕೆ. ಇನ್ನೊಂದು ಏಟಿಗೆ ಕೈ ಎತ್ತಿದ್ದ. ಅಷ್ಟರಲ್ಲಿ ಅಳಿಯ ಪಾನಾವನ್ನು ಎರಡೂ ಕೈಯಲ್ಲಿ ಹಿಡಿದು, ಕಟ್ಟಿಗೆ ಒಡೆಯುವವರ ಹಾಗೆ ಬೀಸಿದ. ತಲೆಗೇ ಬೀಸಿದ್ದು. ಅಣ್ಣನ ಕೈ ಅಡ್ಡ ಬಂತು, ತಲೆ ಉಳಿಯಿತು.

ಮಗಳು ಭಾವನನ್ನು ಅವನದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದಳು. ಅಳಿಯ ಹೋಗಲಿಲ್ಲ. ನೆಲದ ಮೇಲಿನ ರಕ್ತವನ್ನು ಪೈಪಿನ ನೀರಿನಿಂದ ತೊಳೆದು ಮತ್ತೆ ಟ್ರಕ್ಕಿನ ಕೆಳಗೆ ತೂರಿದ. ಮುರಿದ ತುಂಡನ್ನು ಇಕ್ಕಳದಲ್ಲಿ ಹಿಡಿದು ತಿರುವಿ ತೆಗೆದ. ಗ್ಯಾರೇಜಿನ ಡಬ್ಬಿಯಲ್ಲಿದ್ದ ಯಾವುದೋ ಬೋಲ್ಟು ತುರುಕಿ, ಅದೇ ಪಾನಾದಿಂದ ಬೈಯುತ್ತ ಬಿಗಿದ. ಎಷ್ಟಕ್ಕೆ ಬಿಗಿದನೋ ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಚಕ್ರ ಹಾಕಿ ಜ್ಯಾಕ್ ಇಳಿಸಿದ.

ಸಂಜೆ ಮಗಳು ಬಂದು ಅಡುಗೆಮನೆಯಲ್ಲಿ ನಿಂತು ಕೇಳಿದಳು. “ಅದರಿಂದ ಎಲುಬ ಮುರದ್ ಮ್ಯಾಲೆ ಆ ಪಾನಾ ಇನ್ನ ಸರಿ ಅಳತಿ ತೋರಸ್ತದೇನ್ರೀ?”

ಒಳ್ಳೆಯ ಪ್ರಶ್ನೆ. ಅವನು ಅವಳ ರಟ್ಟೆ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ನಾನು ಚಪಾತಿ ಸುಡುತ್ತಿದ್ದೆ. ಕಾದ ಚಿಮಟಾ ಅವನ ಮುಂಗೈಗೆ ಒತ್ತಿದೆ. ಕೂದಲು ಸುಟ್ಟ ವಾಸನೆ ಬಂತು, ಅವನು ಕೂಗಿ ಕೈಬಿಟ್ಟ. ಅಳಿಯನನ್ನು ನಾನು ಅಂದಿನವರೆಗೆ ‘ನೀವು’ ಎಂದೇ ಮಾತನಾಡಿಸಿದವಳು.

“ಇನ್ನೊಮ್ಮೆ ಮುಟ್ಟಿ ನೋಡು,” ಎಂದೆ. “ಕಣ್ಣಿಗೆ ಇಡತೀನಿ.”

ಅವನು ಮುಟ್ಟಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು ಹೆಂಡತಿಗೆ ಹೇಳಿದ. “ನಾಳೆ ಅದ ಗಾಡಿ ಒಯ್ಬೇಕು ನೀ. ನಾ ಮಾಡಿದ ಬ್ರೇಕ್ ಹೆಂಗ ಹಿಡಿತೈತಿ ನೋಡ್ಕೊಂಡ್ ಬಾ.”

“ಒಯ್ತೀನಿ. ಜಗಳ ಸಾಕು,” ಎಂದಳು ನನ್ನ ಮಗಳು.

ಅವಳು ಹೋಗುವ ರೂಟ್ ಒನ್ ರಸ್ತೆಯನ್ನು ನಾನು ನೋಡಿದ್ದೆ. ಮುಂದೊಂದು ಲಾರಿ, ಹಿಂದೊಂದು ಲಾರಿ, ನಡುವೆ ಇವಳು. ಆ ಬೋಲ್ಟು ಬಿಚ್ಚಿದರೆ ಮನೆಗೆ ಬರುವುದು ಮಗಳಲ್ಲ, ಪೊಲೀಸರು. ಡೀಲರ್ ಸೋಮವಾರ ಬಾಗಿಲು ತೆಗೆಯುವ ಮೊದಲೇ ಅವಳು ಮನೆ ಬಿಡಬೇಕಿತ್ತು.

ಆ ನಂಬರಿನ ಕಥೆಯನ್ನು ಇಲ್ಲೇ ಮುಗಿಸುತ್ತೇನೆ. ಸೋಮವಾರ ಹೊತ್ತೇರಿದ ಮೇಲೆ ಮಗಳು ಕೊನೆಗೂ ಫೋನು ಹಚ್ಚಿದಾಗ ಡೀಲರ್‌ನ ಕಡೆಯವರು ಪುಸ್ತಕ ತೆರೆದು ಓದಿ ಹೇಳಿದರು. ಎರಡೂ ನಂಬರು ಸರಿಯೇ. ಒಂದೇ ಬ್ರೇಕಿನಲ್ಲಿ ಎರಡು ಬಗೆಯ ಬೋಲ್ಟು. ಸಣ್ಣದಕ್ಕೆ ಇಪ್ಪತ್ತೈದು, ಹಿಂದೆ ಕೂತ ದೊಡ್ಡದಕ್ಕೆ ನೂರ ಮೂವತ್ತು. ಯಾವ ಬೋಲ್ಟು ಎಂದು ಇಬ್ಬರು ಇಂಜಿನಿಯರುಗಳಲ್ಲಿ ಒಬ್ಬನೂ ಕೇಳಲಿಲ್ಲ. ಬಡಿದಾಡಲು ಕಾದವರಿಗೆ ಕೇಳುವ ವ್ಯವಧಾನ ಎಲ್ಲಿಂದ ಬರಬೇಕು?

ಆದರೆ ಫೋನು ಹಚ್ಚುವವರೆಗೆ ಮಗಳು ಮನೆಯಲ್ಲಿ ಉಳಿಯಬೇಕಿತ್ತು. ಸೋಮವಾರ ಬೆಳಕು ಹರಿಯುತ್ತಲೇ ನಾನು ಗ್ಯಾರೇಜಿನಿಂದ ಸುತ್ತಿಗೆ ಮತ್ತು ಉದ್ದನೆಯ ಸ್ಕ್ರೂಡ್ರೈವರ್ ತಂದೆ. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸಿದವಳು ನಾನು. ಕಲ್ಲು ಸವೆದಾಗ ಉಳಿ ಹಿಡಿದು ನಾನೇ ಕುಟ್ಟುತ್ತಿದ್ದೆ. ಟ್ರಕ್ಕಿನ ಮುಂದಿನ ಟೈರಿನ ಪಕ್ಕೆಗೆ ಸ್ಕ್ರೂಡ್ರೈವರ್ ಇಟ್ಟು ಬಡಿದೆ. ರಬ್ಬರು ಮೊದಲು ಪುಟಿಯಿತು, ಆಮೇಲೆ ಹರಿಯಿತು. ಗಾಳಿ ಭರ್ರೆಂದು ಮುಖಕ್ಕೆ ನುಗ್ಗಿತು. ಸದ್ದಿಗೆ ಅಳಿಯ ಲುಂಗಿಯಲ್ಲೇ ಓಡಿ ಬಂದ.

“ಅತ್ತೀ! ಹುಚ್ಚ ಹಿಡದೈತೇನು ನಿಮಗ?”

“ಹೂಂ, ಹಿಡದೈತಿ.”

“ಸ್ಟೆಪ್ನಿ ಐತಿ. ಈಗ ಬದಲಸ್ತೀನಿ, ಏನ್ ಮಾಡ್ತೀರಿ ಮಾಡ್ರಿ!”

ಸ್ಟೆಪ್ನಿ ಇರುವುದು ಒಂದೇ. ನಾನು ಎದ್ದು, ಸುತ್ತಿ ಹೋಗಿ, ಆ ಬದಿಯ ಟೈರಿನ ಮುಂದೆ ಕೂತು ಮತ್ತೆ ಬಡಿದೆ.