ಒಲೆ ಅಟ್ಟದ ಸ್ಟೆಬಿಲೈಜರ್

ಓಂಕಾರಮೂರ್ತಿ ಹೆಸರು ಎತ್ತಿದ್ರೆ ನನಗೆ ಈಗಲೂ ಮೈಯೆಲ್ಲ ಉರೀತದೆ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ, ಫ್ಯಾನು ಮಾರ್ತಿದ್ದ ಮನುಷ್ಯ. ಕುಬ್ರಾಳ ಅನ್ನಕ್ಕೆ ಮಣ್ಣು ಹಾಕಿದವರು ಇಬ್ಬರು, ಅವರಲ್ಲಿ ಇವನೊಬ್ಬ.

ಕುಬ್ರಾ ಅಂದ್ರೆ ಜೀಪ್ ಮೆಕ್ಯಾನಿಕ್ ನಜೀರನ ಹೆಂಡತಿ. ಗಂಡ ಡೈನಮೋಗೆ ತಂತಿ ಸುತ್ತೋದನ್ನ ನೋಡಿ ನೋಡಿ ಕಲಿತವಳು. ಎಂಬತ್ತೆರಡರ ಹೊತ್ತಿಗೆ ಊರೆಲ್ಲ ಟೀವಿ ಮಾತೇ. ಎಲ್ಲ ಸಾಮಾನು ನಮ್ಮ ದೇಶದಲ್ಲೇ ತಯಾರಾಗ್ಬೇಕು ಅಂತ ರೇಡಿಯೋದಲ್ಲಿ ಭಾಷಣ. ಮಾಡಿದ್ದನ್ನ ಕೊಂಡ್ಕೊಳ್ಳಿ ಅಂತ ಮಾತ್ರ ಯಾರೂ ಹೇಳಲಿಲ್ಲ.

ನಮ್ಮ ಕಡೆ ಕರೆಂಟೇ ಸರಿ ಇರಲಿಲ್ಲ. ಒಮ್ಮೆ ಬಲ್ಬು ಕೆಂಡದ ಹಾಗೆ ಮಿಣುಕಿದ್ರೆ ಇನ್ನೊಮ್ಮೆ ಸುಟ್ಟೇ ಹೋಗ್ತಿತ್ತು. ಎಸ್ಟೇಟ್ ಬಂಗಲೆಗಳ ಫ್ರಿಜ್ಜುಗಳು ಒಂದೊಂದಾಗಿ ಹಾಳಾದವು. ಆಗ ಕುಬ್ರಾ ಕರೆಂಟಿನ ಏರಿಳಿತ ತಡೆಯುವ ಸ್ಟೆಬಿಲೈಜರ್ ಮಾಡೋಕೆ ಹೊರಟಳು. ತಾಮ್ರದ ತಂತಿ ಬೆಂಗಳೂರಿಂದ ಬರ್ಬೇಕು. ಬಂದ್ರೆ ಬಂತು, ಇಲ್ಲದಿದ್ರೆ ಕೈಕಟ್ಟಿ ಕೂರೋದು. ಗ್ಯಾರೇಜಿನ ಹಿಂದಿನ ಶೆಡ್ಡಲ್ಲಿ ಅವಳ ಜೊತೆ ಪಕ್ಕದ ಮನೆಯವಳು ನಾನೂ ತಂತಿ ಸುತ್ತಿ, ನೂಲಲ್ಲಿ ಗಂಟು ಹಾಕ್ತಿದ್ದೆ. ಸುತ್ತಿ ವಾರ್ನಿಶ್ ಬಳಿದ್ರೆ ನಮ್ಮ ಮಳೆಗೆ ಅದು ಒಣಗೋದುಂಟೆ? ಕುಬ್ರಾ ಎಲ್ಲವನ್ನೂ ತನ್ನ ಒಲೆ ಮೇಲಿನ ಅಟ್ಟಕ್ಕೆ ಏರಿಸಿದಳು, ಒಣಮೀನಿನ ಪಕ್ಕ. ಚೆನ್ನಾಗಿ ಒಣಗಿದವು.

ಅವಳ ಆಸೆ ಒಂದೇ, ಪೆಟ್ಟಿಗೆ ಮೇಲೆ 'ಕುಬ್ರಾ, ಮೂಡಿಗೆರೆ' ಅಂತ ಇರ್ಬೇಕು. ತಗಡಿನ ಪಟ್ಟಿಗಳಲ್ಲಿ ಹೆಸರು ಕೊರೆಸಿಯೂ ಇಟ್ಟಿದ್ದಳು. ಮೊದಲು ಬಾಳೂರಿನ ಎಸ್ಟೇಟ್ ಸಾವ್ಕಾರ್ರು ಮಲ್ಲಿಕಾರ್ಜುನಪ್ಪನವರ ಹತ್ರ ಹೋದೆವು. ಹೆಂಗಸರು ಸುತ್ತಿದ ತಂತಿ ನಂಬಿ ಫ್ರಿಜ್ ಸುಟ್ಕೊಳ್ಳಲಾ ಅಂತ ನಕ್ಕು, ಒಂದು ಲೋಟ ಕಾಫಿನೂ ಕೊಡದೆ ಕಳಿಸಿದ್ರು. ಕಾಫಿ ಬೆಳೆಯೋರು! ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ. ಕೊನೆಗೆ ಓಂಕಾರಮೂರ್ತಿ, ಹೆಸರು ಹಾಕದೆ ಕೊಟ್ರೆ ಎಲ್ಲಾನೂ ಕೊಳ್ತೇನೆ ಅಂದ. ಶೆಡ್ ನಡೀಬೇಕಲ್ಲ, ಕೊಟ್ಟಳು.

ಎರಡು ಮಳೆಗಾಲ ಕಳೆದ ಮೇಲೆ ಅದೇ ಸಾವ್ಕಾರ್ರು ಜೀಪ್ ಕಳಿಸಿದ್ರು. ಅವರ ಜಪಾನ್ ಸ್ಟೆಬಿಲೈಜರ್ ಬಿಸಿಯಾದಾಗೆಲ್ಲ ಹೊಗೆ ವಾಸನೆ ಬರ್ತದಂತೆ, ಸುಡ್ತಾ ಇದೆಯೋ ಏನೋ ನೋಡ್ಬೇಕಂತೆ, ಬಿಚ್ಚಿ ನೋಡೋರು ಕುಬ್ರಾ ಬಿಟ್ರೆ ಸುತ್ತಮುತ್ತ ಯಾರೂ ಇಲ್ವಂತೆ. ಬಂಗಲೆ ಬಾಗಿಲಲ್ಲೇ ನನ್ನ ಮೂಗಿಗೆ ಬಡೀತು, ಒಲೆ ಹೊಗೆ, ಒಣಮೀನು. ಕುಬ್ರಾ ಮುಚ್ಚಳ ಬಿಚ್ಚಿದ್ರೆ ಒಳಗೆ ನಾನೇ ಕಟ್ಟಿದ ನೂಲಿನ ಗಂಟು! ಹೊರಗೆ 'ಮೇಡ್ ಇನ್ ಜಪಾನ್' ಅನ್ನೋ ಚೀಟಿ. ಆ ಚೀಟಿನೂ ಓಂಕಾರಮೂರ್ತಿ ಚಿಕ್ಕಮಗಳೂರಿನ ಪ್ರೆಸ್ಸಲ್ಲಿ ಅಚ್ಚು ಹಾಕಿಸಿದ್ದು ಅಂತ ಆಮೇಲೆ ಗೊತ್ತಾಯ್ತು.

ಏನೂ ಸುಡ್ತಿಲ್ಲ, ಇದು ನಮ್ಮನೆ ಅಟ್ಟದ ವಾಸನೆ, ಮಾಡಿದ್ದು ನಾನೇ ಅಂದಳು ಕುಬ್ರಾ. ಸಾವ್ಕಾರ್ರ ಮುಖ ಕಪ್ಪಿಟ್ಟಿತು. ಆಮೇಲೆ, ಇಷ್ಟು ದಿನದಲ್ಲಿ ಫ್ರಿಜ್ಜಿಗೆ ಏನೂ ಆಗಿಲ್ಲ ಅಂತ ಒಪ್ಪಿಕೊಂಡು, ಇನ್ನೂ ಎರಡು ಮಾಡಿಕೊಡು ಅಂದ್ರು. ಕುಬ್ರಾ ಖುಷಿಯಿಂದ ಚೀಲದೊಳಗಿನ ಹೆಸರಿನ ಪಟ್ಟಿ ತೆಗೆದಳು.

"ಚೀಟಿ ಹಾಗೇ ಇರ್ಲಿ ಮಾರಾಯ್ತಿ," ಅಂದ್ರು. "ಬಂದ ನೆಂಟರು ನೋಡ್ತಾರೆ."

ಕುಬ್ರಾ ಸ್ಕ್ರೂಡ್ರೈವರಲ್ಲಿ ಜಪಾನನ್ನ ಕೆರೆದು ಹಾಕಿದಳು. ಅಲ್ಲೇ ತನ್ನ ಪಟ್ಟಿ ಕೂರಿಸಿದಳು.

"ನನ್ನ ಹೆಸರು ಬೇಡದಿದ್ರೆ ನನ್ನ ಕೆಲಸವೂ ಬೇಡ, ಸಾವ್ಕಾರ್ರೇ."

ವಾಪಸ್ ಬರೋಕೆ ಜೀಪ್ ಸಿಗಲಿಲ್ಲ. ಮಳೆಯಲ್ಲಿ ನಡೆದೆವು. ಗುಟ್ಟು ರಟ್ಟಾಯ್ತು ಅಂತ ಓಂಕಾರಮೂರ್ತಿ ಕೊಳ್ಳೋದು ನಿಲ್ಲಿಸಿ ದೊಡ್ಡ ಕಂಪನಿಯ ಪೆಟ್ಟಿಗೆ ತರಿಸಿಕೊಂಡ. ದೀಪಾವಳಿಗೆ ಮೊದಲೇ ಶೆಡ್ ಮುಚ್ಚಿತು. ಕುಬ್ರಾ ತಂತಿ ಸುತ್ತಿದ ಅದೇ ಬೆರಳಲ್ಲಿ ಕಾಫಿ ಬೀಜ ಆರಿಸೋ ಕೂಲಿಗೆ ಹೋದಳು.

ಸಾವ್ಕಾರ್ರ ಮನೆ ಸ್ಟೆಬಿಲೈಜರ್ ಮಾತ್ರ ಆಮೇಲೂ ಕೆಟ್ಟಿಲ್ಲ. ಅಲ್ಲಿ ಅಡಿಗೆ ಮಾಡೋ ಭಾಗೀರಥಿನೇ ಹೇಳಿದ್ದು: ಹೆಸರಿನ ಪಟ್ಟಿ ಗೋಡೆ ಕಡೆಗೆ ಬರೋ ಹಾಗೆ ತಿರುಗಿಸಿ ಇಟ್ಟಿದ್ದಾರಂತೆ.